ಪರದೆಯ ಮೇಲಿನ ಎಡಗೈ

ವಯಸ್ಸು ನಲವತ್ತು ದಾಟಿದ್ದರೂ ಮನೆಯವರಿಗೆ ಅವಳು ಇನ್ನೂ ಪುಟ್ಟಿಯೇ. ಅಕ್ಕ, ಭಾವನ ಜೊತೆ ನಡೆಸುತ್ತಿದ್ದ ಕೃತಕ ಕೈಕಾಲಿನ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ವಿನ್ಯಾಸ ಮಾಡುವುದು ಅವಳ ಕೆಲಸ. ಬಂದವರ ಮೊಂಡುಗೈಯನ್ನು ಭಾವ ಪಕ್ಕದ ಕೋಣೆಯಲ್ಲಿ ಸ್ಕ್ಯಾನ್ ಮಾಡಿ, ತನ್ನ ಮತ್ತು ಪುಟ್ಟಿಯ ಕಂಪ್ಯೂಟರುಗಳೆರಡಕ್ಕೂ ಸೇರಿದ ಭಂಡಾರಕ್ಕೆ ಫೈಲು ಹಾಕುತ್ತಿದ್ದ. ಪ್ರತಿ ತಿದ್ದುಪಡಿಯ ಹಳೆಯ ಪ್ರತಿಯನ್ನೂ ಜೋಪಾನವಾಗಿಡುವ ಆ ಭಂಡಾರವನ್ನು ಹಟಮಾಡಿ ತಂದವಳು ಪುಟ್ಟಿ.

ಅವಳಿಗೆ ಹೊಸ ಕಂಪ್ಯೂಟರ್ ಬಂದ ಮೇಲೆ ಮೊದಲು ಬಂದ ಗಿರಾಕಿ ಎಡಗೈ ಕಳೆದುಕೊಂಡಿದ್ದ ಒಬ್ಬ ಟೈಲರಮ್ಮ. ಎರಡು ಸಲ ಸ್ಕ್ಯಾನ್ ಆಗಿತ್ತು, ಎರಡೂ ಕೆಟ್ಟಿದ್ದವು. ಮೂರನೆಯ ಸಲ ಫೈಲು ತೆರೆದಾಗಲೂ ಕೈಯ ಬದಲು ಕಂಡದ್ದು ಮುಳ್ಳುಕಂಟಿಯಂಥ ಗೆರೆಗಳ ರಾಶಿ.

ಬೆಂಚಿನ ಮೇಲಿದ್ದ ಟೈಲರಮ್ಮನಿಗೆ ವಿಷಯ ತಿಳಿಯಿತು. "ಹೋಗಿದ್ದು ನನ್ನ ಕೈ. ನಿಮ್ಮದೇನು, ಬುದ್ಧಿ ಹೋಗಿದೆಯಾ?" ಎಂದಳು.

ಪುಟ್ಟಿಗೆ ಮೈಯೆಲ್ಲ ಉರಿಯಿತು. ಸೀದಾ ಭಾವನ ಬಾಗಿಲಿಗೆ ಹೋಗಿ, ಟೈಲರಮ್ಮನಿಗೆ ಕೇಳುವ ಹಾಗೆಯೇ ಕೂಗಾಡಿದಳು. "ಒಂದು ಫೈಲು ನೆಟ್ಟಗೆ ಹಾಕೋಕೆ ಬರಲ್ವಾ ಭಾವ ನಿಮಗೆ? ಇಷ್ಟು ವರ್ಷ ಏನು ಕಲಿತ್ರಿ?" ತನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತೆರೆಯುತ್ತಿದೆ ಎಂದ ಅವನು. ಕುಣಿಯೋಕೆ ಬರದವರಿಗೆ ನೆಲ ಡೊಂಕು ಎಂದು ಹೇಳಿ ಅವಳು ತಿರುಗಿ ಬಂದಳು. ಅವನ ಪರದೆಯತ್ತ ಕಣ್ಣೂ ಹಾಯಿಸಲಿಲ್ಲ.

ಯಂತ್ರದ ಮುಂದಿದ್ದ ಅಕ್ಕ ಕೈ ಒರೆಸಿಕೊಂಡು ಬಂದಳು. ಬಯ್ಯುವುದು ಆಮೇಲಿರಲಿ, ಮೊದಲು ಎರಡೂ ಕಡೆಯ ಫೈಲಿನ ಗಾತ್ರ ಹೋಲಿಸಿ ನೋಡು ಎಂದಳು. ಪುಟ್ಟಿ ಗೊಣಗುತ್ತಲೇ ನೋಡಿದಳು. ಹೆಸರು ಒಂದೇ, ಆದರೆ ಅವಳ ಕಡೆಯದು ಸ್ವಲ್ಪ ದೊಡ್ಡದು. ದಾರಿಯಲ್ಲಿ ಚೂರು ಉದುರಿದ್ದರೆ ಫೈಲು ಸವೆಯಬೇಕಿತ್ತು, ಇದು ಬೆಳೆದಿತ್ತು. ಅಂದರೆ ಯಾರೋ ಏನನ್ನೋ ಸೇರಿಸುತ್ತಿದ್ದರು.

ಹುಡುಕಿದಾಗ ಗೊತ್ತಾಯಿತು, ಸೇರಿಸುತ್ತಿದ್ದದ್ದು ಅವಳದೇ ಕಂಪ್ಯೂಟರ್. ಹೊಸದರಲ್ಲಿ ಭಂಡಾರವನ್ನು ಜೋಡಿಸುವಾಗ, ಬರುವ ಫೈಲೆಲ್ಲ ಬರಹವೆಂದೇ ತಿಳಿ ಎಂದು ಅವಳು ಅವಸರದಲ್ಲಿ ಒಂದು ಸಾಲು ಬರೆದಿದ್ದಳು. ಬರಹವಾದರೆ ಪ್ರತಿ ಸಾಲಿನ ಕೊನೆಗೂ ಕಂಪ್ಯೂಟರ್ ಒಂದು ಗುರುತು ಸೇರಿಸುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಸ್ಕ್ಯಾನಿನಲ್ಲಿ ಸಾಲೇ ಇರುವುದಿಲ್ಲ. ಸಾಲಿನ ಕೊನೆಯಂತೆ ಕಂಡಲ್ಲೆಲ್ಲ ಅದು ಗುರುತು ತುರುಕಿ ಕೈಯನ್ನು ಚಿಂದಿ ಮಾಡಿತ್ತು. ಭಂಡಾರದೊಳಗಿನ ಮೂಲ ಪ್ರತಿ ಕೆಟ್ಟಿರಲಿಲ್ಲ.

ಆ ಸಾಲನ್ನು ಅಳಿಸಿ, ಸ್ಕ್ಯಾನಿನ ಫೈಲುಗಳನ್ನು ಮುಟ್ಟಲೇಬೇಡ ಎಂದು ಬರೆದು, ಪುಟ್ಟಿ ಫೈಲನ್ನು ಹೊಸದಾಗಿ ತರಿಸಿಕೊಂಡಳು. ಮೊಂಡುಗೈ ಗಾಯದ ಗೆರೆಯ ಸಮೇತ ಪರದೆಯ ಮೇಲೆ ಮೂಡಿತು. ಮೊದಲೆರಡು ಸ್ಕ್ಯಾನ್‌ಗಳೂ ಸರಿಯಾಗಿಯೇ ತೆರೆದವು. ಅವಳಿಗೆ ಸಂತೋಷವಾಗಲಿಲ್ಲ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಭಾವನ ಬಳಿ ಹೋಗಿ, ತಪ್ಪು ತನ್ನದೇ ಎಂದಳು. ಅವನು ತಲೆಯೆತ್ತಲಿಲ್ಲ.

"ಬೈದಿದ್ದು ಊರಿಗೆಲ್ಲ ಕೇಳೋ ಹಾಗೆ. ತಪ್ಪಾಯ್ತು ಅನ್ನೋದು ನನ್ನ ಕಿವೀಲಾ?"

ಆ ಮಾತಿಗೆ ಅವಳಿಗೆ ಮತ್ತೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದು ನಿಜ. ಬೆಂಚಿನ ಮುಂದೆ ಹೋಗಿ ನಿಂತು, ಕೆಡಿಸಿದ್ದು ತಾನು, ಭಾವ ಅಲ್ಲ ಎಂದು ಗಟ್ಟಿಯಾಗಿ ಹೇಳಿದಳು.

ಟೈಲರಮ್ಮ ಅವಳನ್ನೇ ದುರುಗುಟ್ಟಿ ನೋಡಿದಳು. "ಹಾಗಾದ್ರೆ ಹೋದ ಸಲ, ನೀವೇ ಕೈ ಅಲುಗಾಡಿಸಿದ್ರಿ ಅಂದ್ರಲ್ಲ?"

"ಅದೂ ಸುಳ್ಳಮ್ಮ. ಗೊತ್ತಿಲ್ಲದೆ ಅಂದುಬಿಟ್ಟೆ."

ಟೈಲರಮ್ಮ ಪರವಾಗಿಲ್ಲ ಎನ್ನಲಿಲ್ಲ. ಮನೆಗೆ ಹೋಗಿ ಗಂಟೆಗಟ್ಟಲೆ ಅಲುಗಾಡದೆ ಕೂರುವುದನ್ನು ಅಭ್ಯಾಸ ಮಾಡಿದ್ದೆ ಎಂದಷ್ಟೇ ಹೇಳಿ, ಕೈ ಯಾವತ್ತು ಸಿಗುತ್ತದೆ ಎಂದು ಕೇಳಿದಳು.