ಹಲ್ಲಿನ ಡಾಕ್ಟರರ ರೂಟರ್ ಟೇಬಲ್

ಹಲ್ಲಿನ ಡಾಕ್ಟರರ ಮನೆಯಲ್ಲಿ ಕಾರು ಬಿಸಿಲಲ್ಲಿ ಬೇಯುತ್ತಿತ್ತು, ಕಾರಿನ ಶೆಡ್ಡಿನಲ್ಲಿ ಮರಗೆಲಸದ ಯಂತ್ರಗಳು ತಣ್ಣಗೆ ಕೂತಿದ್ದವು. ಮರಗೆಲಸ ಡಾಕ್ಟರರ ಹವ್ಯಾಸ. ಅದು ಶುರುವಾಗಿ ಆರು ವರ್ಷವಾಗಿದ್ದರೂ ಶೆಡ್ಡಿನಿಂದ ಮನೆಯೊಳಗೆ ಬಂದ ಸಾಮಾನು ಒಂದೇ, ಚಮಚ ನಿಲ್ಲಿಸುವ ಪೆಟ್ಟಿಗೆ. ಅದೂ ಓಲಾಡುತ್ತಿತ್ತು. ಮಿಕ್ಕ ಕಾಲವನ್ನೆಲ್ಲ ಡಾಕ್ಟರರು ಸಿದ್ಧತೆಯಲ್ಲಿ ಕಳೆದಿದ್ದರು.

ಹೀಗಿರುವಾಗ ಅವರ ತಲೆಯ ಮೇಲೆ ಒಂದು ನಿಜವಾದ ಕೆಲಸ ಬಿತ್ತು. ಜೊತೆಯಲ್ಲೇ ಇದ್ದ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಎರಡು ಮೊಳ ಉದ್ದದ ಹಳೆಯ ಕನ್ನಡಿಯೊಂದಿತ್ತು. ಮದುವೆಯಾದ ದಿನದಿಂದ ಅವರು ಮುಖ ನೋಡಿಕೊಂಡದ್ದು ಅದರಲ್ಲೇ. ಚೌಕಟ್ಟನ್ನು ಗೆದ್ದಲು ತಿಂದುಹಾಕಿತ್ತು. ಗಾಜು ಮಾತ್ರ ಹೊದಿಕೆ ಸುತ್ತಿಕೊಂಡು ಬೀರುವಿನ ಹಿಂದೆ ನಿಂತಿತ್ತು. ಅತ್ತೆಯ ಕಣ್ಣಿನ ನರ ಒಣಗುತ್ತಿದೆ, ಮದ್ದಿಲ್ಲ, ಹೆಚ್ಚೆಂದರೆ ಇನ್ನೊಂದು ವರ್ಷ ಕಂಡೀತು ಎಂದು ಕಣ್ಣಾಸ್ಪತ್ರೆಯವರು ಹೇಳಿ ಕಳಿಸಿದ ದಿನ, ಆಕೆ ಅತ್ತು ಕರೆದು ಮಾಡಲಿಲ್ಲ. ಅಳಿಯನನ್ನು ಕೂಗಿದರು.

"ಅಳಿಯಂದ್ರೇ, ಪೂರ್ತಿ ಕತ್ತಲೆ ಆಗೋದ್ರೊಳಗೆ ನನ್ನ ಕನ್ನಡೀಲಿ ಒಂದ್ಸಲ ಮುಖ ನೋಡ್ಕೋಬೇಕು. ಆ ಬಚ್ಚಲುಮನೆ ಕನ್ನಡೀಲಿ ಯಾರೋ ಮುದುಕಿ ನಿಂತಿರ್ತಾಳೆ. ಅವಳ ಪರಿಚಯ ನನಗಿಲ್ಲ."

"ಒಂದು ವಾರ ಕೊಡಿ ಅತ್ತೆ, ನಾನೇ ಚೌಕಟ್ಟು ಮಾಡಿಕೊಡ್ತೀನಿ" ಎಂದರು ಡಾಕ್ಟರರು. ಆ ಮಾತನ್ನು ಅವರು ಮನಸಾರೆ ಆಡಿದ್ದರು, ಅದರಲ್ಲಿ ಅನುಮಾನ ಬೇಡ. ಅತ್ತೆಯ ಹಳೆಯ ಮಂಚದ ನಾಲ್ಕು ಗಟ್ಟಿ ಹಲಗೆಗಳನ್ನು ಅಂದೇ ಶೆಡ್ಡಿಗೆ ಸಾಗಿಸಿದರು.

ಚೌಕಟ್ಟಿನ ಅಂಚಿಗೆ ಚಂದದ ಬಳುಕು ಕೊಡಲು ರೂಟರ್ ಬೇಕು. ಮನೆಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆಯಲ್ಲ, ಗಿರ್ರನೆ ತಿರುಗಿ ಮರ ಕೆತ್ತುವ ಯಂತ್ರ. ಅದನ್ನು ಒಂದು ಮೇಜಿನ ಕೆಳಗೆ ತಲೆಕೆಳಗಾಗಿ ತೂಗುಹಾಕಿ, ತೂತಿನಿಂದ ಅಲಗು ಮಾತ್ರ ಇಣುಕುವಂತೆ ಮಾಡಿ, ಮೇಲೆ ಹಲಗೆ ತಳ್ಳಿದರೆ ಕೆಲಸ ಸಲೀಸು. ಅಂಥ ಮೇಜೊಂದು ಡಾಕ್ಟರರ ಬಳಿ ಇತ್ತು, ಪ್ಲೈವುಡ್ಡಿನದು. ಮೊದಲ ಹಲಗೆಯ ತುದಿಯನ್ನು ಅದರ ಮೇಲೆ ತಳ್ಳಿ ನೋಡಿದರು. ಬಳುಕು ಚೆನ್ನಾಗಿಯೇ ಬಂತು. ಡಾಕ್ಟರರು ಅಳತೆಯ ಕಡ್ಡಿ ಇಟ್ಟು, ಕನ್ನಡಕ ಏರಿಸಿ, ಒಂದು ತುದಿಗಿಂತ ಇನ್ನೊಂದು ತುದಿಯಲ್ಲಿ ಕೂದಲೆಳೆಯಷ್ಟು ಏರುಪೇರು ಪತ್ತೆಹಚ್ಚಿದರು. ಸಂತೋಷ ತಡೆಯಲಾಗಲಿಲ್ಲ. ಹೊಸ ಮೇಜು ಕೊಳ್ಳಲು ನೆಪ ಸಿಕ್ಕಿತ್ತು.

ಮುಂದಿನ ಎರಡು ತಿಂಗಳು ಯಾವ ಮೇಜು ಒಳ್ಳೆಯದು ಎಂಬ ವಿಚಾರಣೆಗೇ ಹೋಯಿತು. ಎರಕದ ಕಬ್ಬಿಣವೋ, ಅಲ್ಯೂಮಿನಿಯಮ್ಮೋ? ಅಲಗನ್ನು ಎತ್ತಿ ಇಳಿಸಲು ಮೇಲಿನಿಂದ ತಿರುಗಿಸುವ ಹಿಡಿ ಇರಬೇಕೋ ಬೇಡವೋ? ಬಾಯಿ ತೆರೆದು ಮಲಗಿದ ರೋಗಿಗಳಿಗೂ ಅವರು ಇದನ್ನೇ ವಿವರಿಸುತ್ತಿದ್ದರು. ಬಾಯಲ್ಲಿ ಹತ್ತಿ ಇದ್ದವರು ಯಾರೂ ಎದುರು ಮಾತಾಡಲಿಲ್ಲ. ಕೊನೆಗೆ ಎರಕದ ಕಬ್ಬಿಣದ ಮೇಜು ಬಂದಾಗ, ಮನೆಯವರು ಮೂರು ಜನ ಸೇರಿ ಹೊರಬೇಕಾಯಿತು. ಅತ್ತೆ ಒಂದು ಮೂಲೆ ಹಿಡಿಯುತ್ತೇನೆಂದು ಬಂದು ಹೊಸಿಲು ಎಡವಿದರು.

"ಅಮ್ಮನಿಗೆ ಪಕ್ಕದ್ದು ಕಾಣ್ತಿಲ್ಲ ರೀ" ಎಂದಳು ಹೆಂಡತಿ. "ಗಾಜನ್ನ ಹಾಗೇ ಗೋಡೆಗೆ ಒರಗಿಸಿ ತೋರಿಸಿಬಿಡೋಣ."

"ಒಡಕು ಅಂಚಿನ ಗಾಜು ಕಣೆ. ಹಾಗೆ ತೋರಿಸೋದು ಅತ್ತೆಗೇ ಅವಮಾನ."

ಅತ್ತೆಯೂ ಅಳಿಯನ ಪಕ್ಷವನ್ನೇ ವಹಿಸಿದರು. "ಇರಲಿ ಬಿಡೆ. ಅವರು ಮಾಡಿದ್ರೆ ಅಚ್ಚುಕಟ್ಟಾಗೇ ಮಾಡ್ತಾರೆ."

ಹೊಸ ಮೇಜು ಸಮತಟ್ಟಾಗಿದೆಯೇ ಎಂದು ನೋಡುವುದು ಹೇಗೆ? ಇಲ್ಲಿ ಡಾಕ್ಟರರ ವಿದ್ಯೆ ಕೆಲಸಕ್ಕೆ ಬಂತು. ಹಲ್ಲಿನ ಕುಳಿ ತುಂಬಿದ ಮೇಲೆ "ಕಚ್ಚಿ" ಎಂದು ಒಂದು ನೀಲಿ ಕಾಗದ ಕೊಡುತ್ತಾರೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಅಂಟುತ್ತದೆ, ಅಲ್ಲಿ ಉಜ್ಜುತ್ತಾರೆ. ಡಾಕ್ಟರರು ಮೇಜಿನ ತುಂಬ ಆ ನೀಲಿ ಕಾಗದ ಹರಡಿದರು. ಅದನ್ನು ಒತ್ತಲು ಎಳ್ಳಷ್ಟೂ ಡೊಂಕಿಲ್ಲದ ದಪ್ಪ ಗಾಜು ಬೇಕಿತ್ತು. ಮನೆಯಲ್ಲಿ ಅಂಥದ್ದು ಒಂದೇ ಇತ್ತು. ಬೀರುವಿನ ಹಿಂದಿನಿಂದ ಅತ್ತೆಯ ಕನ್ನಡಿ ಹೊರಬಂದು, ಮೇಜಿನ ಮೇಲೆ ಬೋರಲು ಮಲಗಿತು.

"ಕನ್ನಡಿ ಶೆಡ್ಡಿಗೆ ಹೋಯ್ತಂತಲ್ಲ" ಎಂದು ಅತ್ತೆ ಮಗಳ ಕೈ ಹಿಡಿದು ನಕ್ಕರು. "ಹಾಗಾದ್ರೆ ಮುಗೀತು ಬಿಡು."

ಎಲ್ಲಿ ಮುಗಿಯುತ್ತದೆ? ಮೇಜಿನ ಮೇಲೆ ಒಂಬತ್ತು ನೀಲಿ ಚುಕ್ಕೆ ಬಿದ್ದವು. ಡಾಕ್ಟರರು ಹಲ್ಲು ಕೊರೆಯುವ ಯಂತ್ರವನ್ನೇ ತಂದು ಒಂಬತ್ತನ್ನೂ ಉಜ್ಜಿದರು. ಉಜ್ಜಿದಲ್ಲಿ ತಗ್ಗಾಯಿತು, ತಗ್ಗಿನ ಸುತ್ತ ಉಬ್ಬಾಯಿತು. ಮರುವಾರ ಹದಿನೇಳು ಚುಕ್ಕೆ. ಅದರ ಮರುವಾರ ಎಣಿಸುವುದನ್ನು ಬಿಟ್ಟರು. ಬರುವಾಗ ಚೆನ್ನಾಗಿಯೇ ಇದ್ದ ಮೇಜು ಮೂರು ತಿಂಗಳಲ್ಲಿ ಸಿಡುಬಿನ ಮುಖದಂತಾಯಿತು. ಅತ್ತ ಪ್ರತಿ ಭಾನುವಾರ "ಒಂದು ಪರೀಕ್ಷೆ ಮಾಡೋಣ" ಎಂದು ಮಂಚದ ಹಲಗೆಯಿಂದ ಗೇಣುದ್ದ ಕತ್ತರಿಸುತ್ತಿದ್ದರು. ನಾಲ್ಕು ಹಲಗೆ ಎರಡಕ್ಕೆ ಇಳಿದವು.

ಮನೆಗೆ ಹೊಂದಿಕೊಂಡಿದ್ದ ಚಿಕಿತ್ಸಾಲಯದ ಬಾಗಿಲು ಸರಿಮಾಡಲು ಬಂದಿದ್ದ ಬಡಗಿ ಒಮ್ಮೆ ಶೆಡ್ಡಿಗೆ ಇಣುಕಿದ. ನೀಲಿ ಚುಕ್ಕೆ ನೋಡಿದ, ಬೋರಲು ಬಿದ್ದ ಕನ್ನಡಿ ನೋಡಿದ.

"ಡಾಕ್ಟ್ರೇ, ಇದಕ್ಕೆ ಚೌಕಟ್ಟು ಅರ್ಧ ದಿನದ ಕೆಲಸ. ಇರೋ ಹಲಗೆ ಕೊಡಿ, ಕೈಯಲ್ಲೇ ಉಜ್ಜಿ ಸಂಜೆಗೆ ತಂದುಕೊಡ್ತೀನಿ."

"ಕೈಕೆಲಸದಲ್ಲಿ ಕೂದಲೆಳೆ ಏರುಪೇರು ಬರುತ್ತಪ್ಪ."

"ಬರುತ್ತೆ. ಕನ್ನಡಿ ಮುಂದೆ ನಿಂತೋರು ಚೌಕಟ್ಟು ನೋಡ್ತಾರಾ?"

ಡಾಕ್ಟರರು ಮೂಗು ಮುರಿದರು. ಇಂಥವರಿಂದಲೇ ಕಸುಬು ಕೆಟ್ಟಿರುವುದು ಎಂದು ಅಂದು ಊಟಕ್ಕೆ ಕೂತಾಗ ಭಾಷಣವನ್ನೂ ಬಿಗಿದರು. ಎದುರಿಗೆ ಅತ್ತೆ ಲೋಟದ ಪಕ್ಕಕ್ಕೆ ನೀರು ಬಗ್ಗಿಸುತ್ತಿದ್ದರು. ಹೆಂಡತಿ ಬಟ್ಟೆ ತಂದು ಒರೆಸಿದಳು. ಕೂದಲೆಳೆಯ ಏರುಪೇರನ್ನು ಮಾರುದ್ದದಿಂದ ಕಾಣುವ ಮನುಷ್ಯನಿಗೆ ಕಣ್ಣೆದುರು ಹರಿದ ನೀರು ಕಾಣಲಿಲ್ಲ. ನನಗಂತೂ ಇದನ್ನು ಹೇಳುವಾಗ ಇಂದಿಗೂ ಮೈ ಉರಿಯುತ್ತದೆ.

ಮೂರನೆಯ ಮೇಜು ಬಂತು. ಅದರ ಹಿಡಿ ತಿರುಗಿಸಿದರೆ ಅಲಗು ಉಸಿರು ಬಿಟ್ಟಷ್ಟು ಮೆಲ್ಲಗೆ ಏರುತ್ತಿತ್ತು. ಅದನ್ನು ಜೋಡಿಸಲು ಒಂದು ತಿಂಗಳು, ಮೆಚ್ಚಿಕೊಳ್ಳಲು ಇನ್ನೊಂದು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಕೆಡಿಸಲು ಹೊಸದೇನೂ ಉಳಿಯದಿದ್ದಾಗ, ಡಾಕ್ಟರರು ಉಳಿದಿದ್ದ ಹಲಗೆಗಳನ್ನು ಸೀಳಿ, ಮೇಜಿನ ಮೇಲೆ ತಳ್ಳಿ, ಮೂಲೆ ಕೂಡಿಸಿ, ಗಾಜು ಕೂರಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು. ಅಂದರೆ ಅರ್ಧ ದಿನ.

ಚೌಕಟ್ಟು ಅದ್ಭುತವಾಗಿತ್ತು, ಸುಳ್ಳೇಕೆ ಹೇಳಬೇಕು. ಅಂಚಿನ ಬಳುಕು ನಾಲ್ಕೂ ಮೂಲೆಯಲ್ಲಿ ಗೆರೆ ಕಾಣದಂತೆ ಕೂಡಿತ್ತು. ಅತ್ತೆಯ ಕೋಣೆಯಲ್ಲಿ, ಕಿಟಕಿಯ ಬೆಳಕು ನೇರ ಬೀಳುವ ಗೋಡೆಗೆ ಅದನ್ನು ತೂಗುಹಾಕಿ, ಡಾಕ್ಟರರು ಹಿಂದೆ ಸರಿದು ಕೈಕಟ್ಟಿ ನಿಂತರು. ಹೆಂಡತಿ ತಾಯಿಯನ್ನು ಮೆಲ್ಲಗೆ ನಡೆಸಿಕೊಂಡು ಬಂದು ಅದರ ಎದುರಿಗೆ ನಿಲ್ಲಿಸಿದಳು. ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟಿದ್ದರು.

ಆಕೆ ಕೈ ಚಾಚಿದರು. ಬೆರಳು ಚೌಕಟ್ಟಿಗೆ ತಾಗಿತು. ಹೊರ ಅಂಚಿನ ಬಳುಕಿನ ಮೇಲೆ ಮೇಲಿನಿಂದ ಕೆಳಗೆ ಸವರುತ್ತಾ ಬಂದರು. ಮುಖ ಅರಳಿತು.

"ಎಷ್ಟು ನುಣುಪಾಗಿದೆ ಅಳಿಯಂದ್ರೇ. ಬೆಣ್ಣೆ ಮುಟ್ಟಿದ ಹಾಗಿದೆ. ಕನ್ನಡಿ ಯಾವತ್ತು ಕೂರಿಸ್ತೀರಿ?"

ಕನ್ನಡಿಯೊಳಗೆ ಮೂರು ಮುಖಗಳಿದ್ದವು. ಹೆಂಡತಿಯ ಮುಖ ಗಂಡನನ್ನೇ ನೋಡುತ್ತಿತ್ತು. ಡಾಕ್ಟರರ ಬಾಯಿಂದ ವರ್ಷವೆಲ್ಲ ಹೇಳಿ ಹೇಳಿ ರೂಢಿಯಾಗಿದ್ದ ಮಾತೇ ಹೊರಟಿತು.

"ನಾಳೆ ಅತ್ತೆ."

"ಆಗಲಿ, ಆಗಲಿ" ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತಾ. "ನನಗೇನು ಅವಸರ ಇಲ್ಲ."