ಒಡೆದ ಬಟ್ಟಲಿನ ಪರೀಕ್ಷೆ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ರಾನ್ಯಾ ತನ್ನ ಬಟ್ಟಲನ್ನು ಪರೀಕ್ಷೆಯ ಮೇಜಿನ ಮೇಲಿಟ್ಟಳು; ಒಂಬತ್ತೂಕಾಲಿಗೆ ಪರೀಕ್ಷಕ ಕೋಲ್ಮನ್ ಕನ್ನಡಕ ಏರಿಸಿದ; ಒಂಬತ್ತು ಇಪ್ಪತ್ತೆರಡಕ್ಕೆ ಬಟ್ಟಲು ಚೂರಾಗಿತ್ತು.

ವಾಟರ್‌ಫರ್ಡಿನ ಆ ಪುಟ್ಟ ಸ್ಫಟಿಕಗಾಜಿನ ಕಾರ್ಖಾನೆಯಲ್ಲಿ ಐದು ವರ್ಷ ಕೆತ್ತನೆ ಕಲಿತವರು, ಕಲಿತ ಗೀರುಗಳನ್ನೆಲ್ಲ ಒಂದೇ ಬಟ್ಟಲಿನ ಮೇಲೆ ಕೆತ್ತಿ ತೋರಿಸಬೇಕು. ಅವಕಾಶ ಮೂರೇ. ಗ್ರಾನ್ಯಾ ಎರಡನ್ನು ಕಳೆದುಕೊಂಡಿದ್ದಳು. ಇದೂ ಕೈತಪ್ಪಿದರೆ ಸಾಣೆಚಕ್ರದ ಮುಂದಿನ ಅವಳ ಸ್ಟೂಲು ಬೇರೆಯವರದು.

ಕೋಲ್ಮನ್ ಗೀರುಗಳನ್ನು ಇನ್ನೂ ನೋಡಿಯೇ ಇರಲಿಲ್ಲ. ತಳದ ದಪ್ಪ ಗಾಜಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಗಾಳಿಗುಳ್ಳೆ ಕಂಡಿತು. ದೋಷವಿರುವ ಒಂದು ಲೋಟವೂ ಹೊರಗೆ ಹೋಗಬಾರದು, ಕಂಡಲ್ಲೇ ಒಡೆಯಬೇಕೆಂಬುದು ಅಲ್ಲಿನ ಕಟ್ಟಳೆ. ಮೂವತ್ತೊಂದು ವರ್ಷ ಗುಳ್ಳೆ ಕಂಡೊಡನೆ ಸುತ್ತಿಗೆ ಎತ್ತಿದ ಕೈ ತಲೆಯ ಅಪ್ಪಣೆಗೆ ಕಾಯಲಿಲ್ಲ.

ಗ್ರಾನ್ಯಾಳಿಗೆ ನಗು ಬಂತು. ಅಳುವ ಹೊತ್ತಿನಲ್ಲಿ ನಗುವುದು ಅವಳ ಹುಟ್ಟುಗುಣ. ತಡೆದಷ್ಟೂ ಅದು ಉಕ್ಕಿತು.

“ಗುಳ್ಳೆ ಗಾಜು ಊದಿದವನ ತಪ್ಪಲ್ವಾ, ಕೋಲ್ಮನ್ ಮಾಮ? ನನ್ನ ಗೀರು ಎಣಿಸಿ.”

“ಒಡೆದಿದ್ದನ್ನ ಎಣಿಸೋ ಪದ್ಧತಿ ಇಲ್ಲಿಲ್ಲಮ್ಮ.”

“ಎಣಿಸ್ದೆ ಒಡೆಯೋ ಪದ್ಧತಿ ಇದ್ಯಾ?”

ಕೋಲ್ಮನ್ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಕಾದ ಗಾಜನ್ನು ಊದಿ ಆ ಬಟ್ಟಲು ಮಾಡಿದ್ದ ಡೆಕ್ಲನ್, ಅದು ಗುಳ್ಳೆಯಲ್ಲ, ತನ್ನ ಉಸಿರಿನ ಸಹಿ ಎಂದು ವಾದಿಸಿ, ಯಾರೂ ಕಿವಿಗೊಡದಿದ್ದಾಗ ಚೂರುಗಳನ್ನು ಹೆಕ್ಕಿ ಎಣಿಸಲು ಮೊದಲಿಗನಾಗಿ ಮಂಡಿಯೂರಿದ.

ಪೆಟ್ಟು ಬಿದ್ದದ್ದು ತಳಕ್ಕೆ. ಗೀರುಗಳಿದ್ದ ಸುತ್ತುಗೋಡೆ ನಲವತ್ತೇಳು ಚೂರುಗಳಾಗಿ ಹರಡಿತ್ತು. ಚೂರು ನಿಲ್ಲಲೆಂದು ಹಲಗೆಯ ಮೇಲೆ ಒದ್ದೆ ಮರಳು ಸುರಿದು, ಚರ್ಮದ ಕೈಗವಸು ತೊಟ್ಟ ಕಾರ್ಖಾನೆಯ ಹನ್ನೊಂದು ಜನ ಚೂರಿಗೆ ಚೂರು ಹೊಂದಿಸುತ್ತ ಹೋದರು. ಮುರಿದ ಗೀರನ್ನು ಡೆಕ್ಲನ್ ಎರಡೆಂದು ಎಣಿಸಿ ಮೂರು ಬಾರಿ ಬೈಸಿಕೊಂಡ. ಹಿಟ್ಟು ಉದುರುವ, ಬ್ಲಾ ಎಂಬ ಊರಿನ ಬನ್ನು ಹಿಡಿದು ಬಂದವರನ್ನು, ಹಿಟ್ಟು ಗೀರಿಗೆ ಕೂರದಿರಲೆಂದು ಗ್ರಾನ್ಯಾ ಬಾಗಿಲಲ್ಲೇ ತಡೆದಳು. ಒಂದು ಚೂರು ಮಾತ್ರ ಸಿಗಲೊಲ್ಲದು. ಮೇಜುಗಳನ್ನೆಲ್ಲ ಸರಿಸಿದ ಮೇಲೆ ಅದು ಕೋಲ್ಮನ್‌ನ ಮಡಚಿದ ಪ್ಯಾಂಟಿನ ಅಂಚಿನಲ್ಲಿ ಥಳಥಳಿಸಿತು. ಈಗ ಗ್ರಾನ್ಯಾಳ ನಗು ಎಲ್ಲರಿಗೂ ಅಂಟಿತು. ಕೋಲ್ಮನ್ ಒಂಟಿಕಾಲಲ್ಲಿ ನಿಂತು, ಕಣ್ಣೊರೆಸಿಕೊಳ್ಳುತ್ತ, ಯಾರೂ ತನ್ನನ್ನು ನಗಿಸಬಾರದೆಂದು ಬೇಡಿಕೊಂಡ.

ಮಧ್ಯಾಹ್ನ ಎರಡು ನಲವತ್ತಕ್ಕೆ ಅವನು ಭೂತಗನ್ನಡಿ ಕೆಳಗಿಟ್ಟು ವರದಿ ಬರೆದ: ಗೀರುಗಳು ಆರುನೂರ ಹನ್ನೆರಡು, ಕೆತ್ತನೆಯಲ್ಲಿ ದೋಷ ಒಂದೂ ಇಲ್ಲ, ಗ್ರಾನ್ಯಾ ತೇರ್ಗಡೆ.