ನುಂಗಬಾರದ ಅರ್ಧ ಗಂಟೆ

ಮೂಲೆಯ ನಲ್ಲಿಯ ತುದಿಯಲ್ಲಿ ಹನಿ ದಪ್ಪಗಾಗುತ್ತಿದೆ, ಈಗ ಬಿದ್ದೀತು, ಈಗ — ಬಿತ್ತು, ಸ್ಟೀಲ್ ಸಿಂಕಿಗೆ ಬಿತ್ತು, ಸದ್ದೇ ಇಲ್ಲ, ಟಿವಿಯ ದನಿ ಅಡಗಿಸಿ ನೋಡಿದ ಹಾಗೆ, ಇದೇ ಕೊನೆಯ ಸೂಜಿ, ಇದಕ್ಕೂ ಕೇಳದಿದ್ದರೆ ಎಡಗಿವಿ ಇನ್ನು ಬರೀ ಓಲೆ ಹಾಕಿಕೊಳ್ಳುವುದಕ್ಕೆ. ಬಲ ಮಗ್ಗುಲಾಗಿ ಮಲಗಿದ್ದೇನೆ, ಒಳ್ಳೆಯ ಕಿವಿ ದಿಂಬಿನಲ್ಲಿ ಹೂತಿದೆ, ಕೆಟ್ಟದ್ದು ಮೇಲೆ, ಅದರೊಳಗೆ ಬಿಟ್ಟ ಸ್ಟೆರಾಯ್ಡ್ ಅಲ್ಲೇ ನಿಲ್ಲಬೇಕು, ಗಿಳಾಯ್ಚಂ ನಾಹಿ, ಬೋಲಾಯ್ಚಂ ನಾಹಿ, ಎಂದು ಬೆರಳಾಡಿಸಿ ಹೋದರು ಡಾಕ್ಟರ್ ಅಲಕಾ, ನುಂಗಬಾರದು, ಮಾತಾಡಬಾರದು, ಅರ್ಧ ಗಂಟೆ, ನುಂಗಿದರೆ ಔಷಧ ಗಂಟಲಿಗೆ ಇಳಿದುಬಿಡುತ್ತದಂತೆ, ಹಾಗೆಂದ ಕ್ಷಣದಿಂದ ಬಾಯೆಲ್ಲ ನೀರು, ಮನುಷ್ಯರು ಇಷ್ಟೊಂದು ನುಂಗುತ್ತಾರೆಂದು ಯಾರು ಲೆಕ್ಕ ಇಟ್ಟಿದ್ದರು, ಹುಣಸೆಹಣ್ಣನ್ನು ನೆನೆಯಬಾರದು, ನೆನೆದೆ, ದಿಂಬಿನ ಮೇಲೆ ಸಣ್ಣ ಕೆರೆ. ಕಿವಿ ಹೋದ ಆ ಬೆಳಿಗ್ಗೆ ಫೋನನ್ನು ಎಡಗಿವಿಗೆ ಹಿಡಿದಾಗ ಆ ಕಡೆ ಮೌನ, ಸರೋಜಿನಿ ಅಕ್ಕ ಮುನಿಸಿಕೊಂಡಿದ್ದಾರೆಂದು ತಿಳಿದೆ, ನಮ್ಮ ಯಜಮಾನರ ಅಕ್ಕ, ಮುನಿಸಿಕೊಂಡರೆ ದೀಪಾವಳಿಯ ತನಕ ಇಳಿಯುವುದಿಲ್ಲ, ಯಾವುದಕ್ಕೆಂದು ತಿಳಿಯದೆ ತಪ್ಪಾಯಿತು ಎಂದೆ, ಆಮೇಲೆ ಬಲಗಿವಿಗೆ ಬದಲಿಸಿದರೆ ಅವರು ಹೇಳುತ್ತಿದ್ದುದು ಬದನೆಕಾಯಿ ಎಣ್ಣೆಗಾಯಿಯ ವಿಷಯ. ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ದಿನವಿಡೀ ಎಂಜಿನ್ನಿನ ಪಕ್ಕ ನಿಲ್ಲುವವರು ಇವರು, ಕಿವಿ ಹೋದದ್ದು ಮನೆಯಲ್ಲಿ ಕೂತ ನನ್ನದು, ನಾಸಿಕದಲ್ಲಿ ಡಾಕ್ಟರೇ ಇಲ್ಲವೆಂಬಂತೆ ಅಕ್ಕ ಔರಂಗಾಬಾದಿಗೆ ಕರೆಸಿಕೊಂಡರು, ನಮ್ಮ ಚಿಕಲಠಾಣಾ ಮನೀಲೇ ಇರ್ರಿ, ಅಲಕಾ ಡಾಕ್ಟರ್ ಕೈಗುಣ ಛಲೋ ಅದ.

ಬಾಗಿಲು ಅಲುಗಿತು, ಇವರು ಬಂದರು, ಹಿಂದೆಯೇ ಅಕ್ಕ, ಇವರು ಬಂದವರೇ ಬಗ್ಗಿ, ವನಜಾ, ಕೇಳಸ್ತದ ಏನು. ಇವರ ದನಿ ದಿಂಬು, ಗಾದಿ, ಕಬ್ಬಿಣದ ಮಂಚ ಎಲ್ಲ ದಾಟಿ ಬರುತ್ತದೆ, ಎಂಜಿನ್ನಿನೊಡನೆ ಮಾತಾಡಿ ರೂಢಿಯಾದ ದನಿ, ಅದು ಎಡಗಿವಿಯ ಪರೀಕ್ಷೆಗೆ ಬಾರದು, ಆದರೆ ಹಾಗೆಂದು ಹೇಳುವಂತಿಲ್ಲ, ಹಿಂದಿನ ಸಲಗಳಲ್ಲಿ ಇವರಿಗೆ ರಜೆ ಸಿಗಲಿಲ್ಲ, ಅಕ್ಕ ಹೊರಗೇ ಕೂತು ಜಪ ಮಾಡಿದರು, ನಿಯಮ ಇಬ್ಬರಿಗೂ ಗೊತ್ತಿಲ್ಲ, ಮೊದಲೇ ಹೇಳಿಡಬೇಕಿತ್ತು, ಎಲ್ಲವನ್ನೂ ಮೊದಲೇ ಹೇಳಿಡುವವಳು ನಾನು, ಗ್ಯಾಸ್ ಆರಿಸಿದಿರಾ ಎಂದು ಬಸ್ಸಿನಲ್ಲೂ ಕೇಳುವವಳು. ಕಣ್ಣು ದೊಡ್ಡದು ಮಾಡಿದೆ. ಅಕ್ಕಾ, ಏನೂ ಕೇಳಸವಲ್ದು ಅಕೀಗೆ, ನನ್ನ ಮಾರಿ ಸುಮ್ಮನ ನೋಡಲಿಕ್ಕೆ ಹತ್ಯಾಳ. ಸರಿ ಅತ್ತ, ಕೇಶವಾ, ನೀ ಒದರಿದ್ರ ಇದ್ದ ಕಿವೀನೂ ಹೋಗ್ತದ. ಅಕ್ಕನ ದನಿ ತಮ್ಮನದಕ್ಕಿಂತ ಒಂದು ಕೈ ಮೇಲು. ವೇರೂಳದ ಗುಡೀಗೆ ಹೋಗಿ ಬಂದೇನಿ, ನಿನ್ನ ಕಿವೀ ಸಲುವಾಗಿ ಅಭಿಷೇಕ ಮಾಡಿಸೇನಿ, ಒಂದು ಉದ್ಧರಣಿ ತೀರ್ಥ ತಗೋ, ಬಾಯಿ ತಗಿ. ತಾಮ್ರದ ಉದ್ಧರಣಿ ತುಟಿಯ ಹತ್ತಿರ, ತೀರ್ಥ ಉಗುಳುವಂತಿಲ್ಲ, ಬೇಡ ಎನ್ನುವಂತಿಲ್ಲ, ನುಂಗುವಂತೆಯೂ ಇಲ್ಲ, ದೀಪಾವಳಿ ಇನ್ನೂ ಎಷ್ಟು ದೂರ ಇದೆ, ಅಷ್ಟರಲ್ಲಿ ನಲ್ಲಿಯ ತುದಿಯಲ್ಲಿ ಇನ್ನೊಂದು ಹನಿ, ಬಿತ್ತು, ಏನೋ ಕೇಳಿತೇ, ಅಥವಾ ಅಕ್ಕನ ಬಳೆಯೇ, ಇವರಿಬ್ಬರೂ ಒಂದು ಕ್ಷಣ ಬಾಯಿ ಮುಚ್ಚಿದರೆ — ತಡೆಯಿರಿ ಎಂದು ಎಡಗೈ ಎತ್ತಿದೆ. ಅಯ್ಯ, ಎಡಗೈಯಾಗ ತೀರ್ಥ ತಗೋತಾರೇನ, ಕಿವಿ ಕೂಡ ತಿಳುವಳಿಕೀನೂ ಹೋತೇನವಾ ನಿಂದು, ಎಂದು ಅಕ್ಕ ನನ್ನ ಕೆಳಗೆ ಸಿಕ್ಕಿಕೊಂಡಿದ್ದ ಬಲಗೈಯನ್ನು ಎಳೆದರು, ಅಂಗೈ ಬಗ್ಗಿಸಿದರು, ತೀರ್ಥ ಹಾಕಿದರು, ತಲೆ ಜರುಗಿ ದಿಂಬು ಬಲಗಿವಿಯನ್ನು ಪೂರಾ ನುಂಗಿತು, ಅದಾದರೂ ನುಂಗಬಹುದು. ಅಂಗೈಯಲ್ಲಿ ತಣ್ಣಗಿನ ನೀರು, ಬಾಯಲ್ಲಿ ಬೆಚ್ಚಗಿನ ನೀರು, ಕಿವಿಯಲ್ಲಿ ಔಷಧದ ನೀರು, ಒಂದನ್ನೂ ಅಲುಗಿಸಬಾರದು, ಇವರು ಕೈ ಮುಗಿದು ನಿಂತಿದ್ದಾರೆ, ಅಕ್ಕ ಕಣ್ಣು ಮುಚ್ಚಿದ್ದಾರೆ, ನಾನು ಕುಡಿಯುವುದನ್ನೇ ಕಾಯುತ್ತ ಇಬ್ಬರೂ ಸುಮ್ಮನಾಗಿದ್ದಾರೆ, ಇವರ ಮನೆತನದಲ್ಲಿ ಇಂಥ ಮೌನವನ್ನು ನಾನು ಕಂಡಿದ್ದೇ ಇಲ್ಲ, ನಲ್ಲಿಯ ತುದಿಯಲ್ಲಿ ಹನಿ, ದಪ್ಪಗಾಗುತ್ತಿದೆ, ಬಿತ್ತು —

ಟಪ್.

ಮೇಲಿನ ಕಿವಿಯಲ್ಲಿ. ಇನ್ನೊಂದು ಸಲ, ಅಕ್ಕಾರ, ಕಣ್ಣು ತೆರೆಯಬೇಡಿ, ಇನ್ನೊಂದೇ ಸಲ, ನಲ್ಲಿಯ ತುದಿಯಲ್ಲಿ ಹನಿ —